ಟೈಫಾಯ್ಡ್ ತಳಿಗೆ ಸಿಪ್ರೊಫ್ಲಾಕ್ಸಾಸಿನ್ ಎಂಐಸಿ: ನಾನು ಪ್ಲೇಟ್ ಹಾಕುವ ರೀತಿ

ಬ್ಯಾಕ್ಟೀರಿಯಾದ ಬೆಳವಣಿಗೆ ತಡೆಯಲು ಬೇಕಾದ ಔಷಧದ ಅತಿ ಕಡಿಮೆ ಪ್ರಮಾಣವೇ ಎಂಐಸಿ. ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ ಟೈಫಿಗೆ ಸಿಪ್ರೊಫ್ಲಾಕ್ಸಾಸಿನ್ ಎಂಬ ಪ್ರತಿಜೀವಕದ ಎಂಐಸಿ ಮಿ.ಲೀ.ಗೆ 0.06 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ಬಂದರೆ ‘ಎಸ್’ (ಔಷಧಕ್ಕೆ ಬಗ್ಗುವ ತಳಿ), 0.12ರಿಂದ 0.5ರವರೆಗೆ ‘ಐ’ (ನಡುವಿನದು), 1ರಿಂದ ಮೇಲಕ್ಕೆ ‘ಆರ್’ (ಬಗ್ಗದ ತಳಿ). 2012ಕ್ಕೆ ಮುಂಚೆ, ಪರೀಕ್ಷೆಯ ಮಾನದಂಡ ಕೊಡುವ ಅಮೆರಿಕದ ಸಂಸ್ಥೆಯಾದ ಸಿಎಲ್‌ಎಸ್‌ಐ ಕೋಷ್ಟಕದಲ್ಲಿ 1ರವರೆಗೂ ‘ಎಸ್’ ಇತ್ತು. ಎಂಐಸಿ 0.25 ಇರುವ ತಳಿಗೂ ‘ಎಸ್’ ಎಂದೇ ವರದಿ ಹೋಗುತ್ತಿತ್ತು. ಮಾತ್ರೆ ನುಂಗಿದರೂ ಎಷ್ಟೋ ಜನರಿಗೆ ಜ್ವರ ಬೇಗ ಇಳಿಯುತ್ತಿರಲಿಲ್ಲ. ಗೆರೆ ಇಷ್ಟು ಕೆಳಗಿಳಿದ ಮೇಲೆ ಒಂದು ವೆಲ್ (ಪ್ಲೇಟಿನ ಪುಟ್ಟ ಗುಳಿ; ಪ್ರತಿಯೊಂದರಲ್ಲೂ ಔಷಧ ಹಿಂದಿನದರ ಅರ್ಧ) ಆಚೀಚೆಯಾದರೂ ವರದಿಯೇ ಬದಲು. ಹಾಗಾಗಿ ನನ್ನ ಹೆಚ್ಚಿನ ಹೊತ್ತು ಹೋಗುವುದು ಔಷಧದ ತೂಕಕ್ಕೆ ಮತ್ತು ಬ್ಯಾಕ್ಟೀರಿಯಾ ಬೆಳೆಸುವ ದ್ರವವಾದ ಬ್ರಾತ್‌ಗೆ.

ಔಷಧದಂಗಡಿಯ ಮಾತ್ರೆ ಪುಡಿಮಾಡಿ ಬಳಸಬಾರದು. ಪೊಟೆನ್ಸಿ (ಪುಡಿಯಲ್ಲಿ ನಿಜವಾದ ಔಷಧ ಎಷ್ಟು ಎಂಬುದು) ನಮೂದಿಸಿದ ಶುದ್ಧ ಪುಡಿಯೇ ಬೇಕು. ಬಾಟಲಿಯ ಮೇಲೆ ಮಿ.ಗ್ರಾಂಗೆ 980 ಮೈಕ್ರೋಗ್ರಾಂ ಎಂದಿದೆ ಎನ್ನಿ. ತಕ್ಕಡಿಯಲ್ಲಿ ಇಂತಿಷ್ಟೇ ಬರಲಿ ಎಂದು ಒದ್ದಾಡುವುದಿಲ್ಲ. ಬಂದ ತೂಕಕ್ಕೆ ನೀರನ್ನು ಲೆಕ್ಕ ಹಾಕುತ್ತೇನೆ. 35 ಮಿ.ಗ್ರಾಂ ಬಂದರೆ 35 × 980 ÷ 1280, ಅಂದರೆ 26.8 ಮಿ.ಲೀ. ಆಗ ಸ್ಟಾಕ್ (ಮೂಲ ದ್ರಾವಣ) ಮಿ.ಲೀ.ಗೆ 1280 ಮೈಕ್ರೋಗ್ರಾಂ. ಹೈಡ್ರೋಕ್ಲೋರೈಡ್ ಲವಣವಾದರೆ ನೀರಿನಲ್ಲೇ ಕರಗುತ್ತದೆ. ಬರೀ ಬೇಸ್ ಆದರೆ ತಟಸ್ಥ ನೀರಿನಲ್ಲಿ ಸರಿಯಾಗಿ ಕರಗದೆ ತಳದಲ್ಲಿ ಬಿಳಿ ಪುಡಿ ಉಳಿಯುತ್ತದೆ, ಅದಕ್ಕೆ 0.1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲ. ಬೆಳಕಿಗೆ ಔಷಧ ಕೆಡುವುದರಿಂದ ಟ್ಯೂಬಿಗೆ ಫಾಯಿಲ್ ಸುತ್ತಿಡಬೇಕು.

ಬ್ರಾತ್ ಕ್ಯಾಟಯಾನ್ ಸರಿಹೊಂದಿಸಿದ ಮುಲ್ಲರ್-ಹಿಂಟನ್ನೇ ಆಗಬೇಕು: ಲೀಟರಿಗೆ ಕ್ಯಾಲ್ಸಿಯಂ 20–25 ಮಿ.ಗ್ರಾಂ, ಮೆಗ್ನೀಸಿಯಂ 10–12.5 ಮಿ.ಗ್ರಾಂ, ಪಿಎಚ್ 7.2–7.4. ಸಿಪ್ರೊಫ್ಲಾಕ್ಸಾಸಿನ್ ಸೇರಿದ ಔಷಧ ವರ್ಗವಾದ ಕ್ವಿನೊಲೋನ್ ಅಣುವಿನ ಕೀಟೋ ಮತ್ತು ಕಾರ್ಬಾಕ್ಸಿಲ್ ಗುಂಪುಗಳೆರಡೂ ಸೇರಿ ಮೆಗ್ನೀಸಿಯಮ್ಮನ್ನು ಹಿಡಿದುಕೊಳ್ಳುತ್ತವೆ. ಮೆಗ್ನೀಸಿಯಂ ಹೆಚ್ಚಾದರೆ ಔಷಧ ಜೀವಕೋಶದ ಒಳಹೋಗುವುದು ಕಡಿಮೆಯಾಗಿ ಎಂಐಸಿ ಸುಳ್ಳೇ ಏರುತ್ತದೆ; ಪಿಎಚ್ ಇಳಿದರೂ ಹಾಗೆಯೇ. ಪಿಎಚ್ ನೋಡುವುದು ಆಟೋಕ್ಲೇವ್ ಮಾಡಿ ತಣಿದ ಮೇಲೆ.

125 ಮೈಕ್ರೋಲೀಟರ್ ಸ್ಟಾಕನ್ನು 9.875 ಮಿ.ಲೀ. ಬ್ರಾತ್‌ಗೆ ಹಾಕಿದರೆ ಮಿ.ಲೀ.ಗೆ 16 ಮೈಕ್ರೋಗ್ರಾಂ. 96 ವೆಲ್ ಪ್ಲೇಟಿನ ಮೊದಲ ವೆಲ್‌ಗೆ ಇದರ 100 ಮೈಕ್ರೋಲೀಟರ್, 2ರಿಂದ 11ಕ್ಕೆ 50 ಮೈಕ್ರೋಲೀಟರ್ ಬರೀ ಬ್ರಾತ್. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಹೀಗೆ 50 ದಾಟಿಸುತ್ತಾ ಹೋಗಿ ಹತ್ತನೆಯದರಿಂದ 50 ಚೆಲ್ಲಬೇಕು. ಪ್ರತಿ ಸಲ ಟಿಪ್ ಬದಲಿಸಲೇಬೇಕು. ಒಂದೇ ಟಿಪ್‌ನಲ್ಲಿ ಓಡಿಸಿದರೆ ಅದಕ್ಕೆ ಅಂಟಿದ ಔಷಧ ಕೊನೆಯ ವೆಲ್‌ಗಳನ್ನು ಗಟ್ಟಿ ಮಾಡುತ್ತದೆ, ಎಂಐಸಿ ನಿಜಕ್ಕಿಂತ ಕಡಿಮೆ ಕಾಣುತ್ತದೆ. ಹನ್ನೊಂದನೆಯದು ಔಷಧವಿಲ್ಲದ ಬೆಳವಣಿಗೆಯ ಕಂಟ್ರೋಲ್, ಹನ್ನೆರಡರಲ್ಲಿ ಬರೀ 100 ಮೈಕ್ರೋಲೀಟರ್ ಬ್ರಾತ್.

ತಳಿಯನ್ನು ಪ್ರಮಾಣಿತ ಕದಡಿನ ಮಟ್ಟಕ್ಕೆ ಕಲಸಿದ 0.5 ಮ್ಯಾಕ್‌ಫಾರ್ಲಂಡ್ ಸಸ್ಪೆನ್ಷನ್‌ನಿಂದ 100 ಮೈಕ್ರೋಲೀಟರ್ ತೆಗೆದು 9.9 ಮಿ.ಲೀ. ಬ್ರಾತ್‌ಗೆ ಹಾಕಿ, ಅದನ್ನು 1ರಿಂದ 11ರವರೆಗೆ ತಲಾ 50 ಮೈಕ್ರೋಲೀಟರ್ ಹಾಕುತ್ತೇನೆ. ಈಗ ಔಷಧ 8ರಿಂದ 0.015ರವರೆಗೆ, ಬ್ಯಾಕ್ಟೀರಿಯಾ ಮಿ.ಲೀ.ಗೆ ಸುಮಾರು 5 ಲಕ್ಷ. ಲೆಕ್ಕ ತಪ್ಪಿಲ್ಲವೆಂದು ಖಾತ್ರಿಯಾಗಲು ಕಂಟ್ರೋಲ್ ವೆಲ್‌ನಿಂದ 10 ಮೈಕ್ರೋಲೀಟರನ್ನು 10 ಮಿ.ಲೀ. ಸಲೈನ್‌ಗೆ ಹಾಕಿ, ಅದರ 100 ಮೈಕ್ರೋಲೀಟರ್ ಅಗರ್ ಮೇಲೆ ಹರಡಿದರೆ ಮರುದಿನ ಸುಮಾರು 50 ಕಾಲೊನಿ ಕಾಣಬೇಕು. ಟೈಫಿ ಕೆಲಸವೆಲ್ಲ ಸೇಫ್ಟಿ ಕ್ಯಾಬಿನೆಟ್ಟಿನಲ್ಲೇ.

ಹಲವರು ಎಡವುವುದು ಕ್ಯೂಸಿ (ಗುಣಮಟ್ಟ ಪರೀಕ್ಷೆ) ಸಾಲಿನಲ್ಲಿ. ಎಂಐಸಿ ಮೊದಲೇ ಗೊತ್ತಿರುವ ಪ್ರಮಾಣಿತ ತಳಿ ಇ. ಕೋಲಿ ಎಟಿಸಿಸಿ 25922ಕ್ಕೆ ಬರಬೇಕಾದ ಎಂಐಸಿ 0.004–0.016. ಮೇಲಿನ ಸಾಲು 0.015ಕ್ಕೇ ಮುಗಿಯುವುದರಿಂದ ಅಲ್ಲಿ ಎಲ್ಲ ವೆಲ್ ತಿಳಿಯಾಗಿ ಕಾಣುತ್ತದೆ, ‘ಪಾಸ್’ ಎಂದು ಬರೆದೂಬಿಡುತ್ತಾರೆ. ಅದು ಪರೀಕ್ಷೆಯೇ ಅಲ್ಲ. ಕ್ಯೂಸಿಗೆ ಮಿ.ಲೀ.ಗೆ 1 ಮೈಕ್ರೋಗ್ರಾಂ ದ್ರಾವಣದಿಂದ ಬೇರೆ ಸಾಲು ಶುರುಮಾಡಿ 0.5ರಿಂದ 0.001ರವರೆಗೆ ಇಳಿಸುತ್ತೇನೆ.

35 ಡಿಗ್ರಿಯಲ್ಲಿ 16–20 ಗಂಟೆ ಇಟ್ಟು, ಕಪ್ಪು ಹಿನ್ನೆಲೆಯಲ್ಲಿ ತಳದಿಂದ ಓದುವುದು. ನಡುವೆ ಒಂದು ವೆಲ್ ಮಾತ್ರ ಬೆಳವಣಿಗೆಯಿಲ್ಲದೆ ತಿಳಿಯಾಗಿದ್ದರೆ ಅದನ್ನು ಬಿಟ್ಟು ಓದಬಹುದು. ಎರಡಾದರೆ ಮತ್ತೆ ಹಾಕಬೇಕು.

ಭಾರತದ ಟೈಫಿ ತಳಿಗಳಲ್ಲಿ ಹೆಚ್ಚಿನವು 0.12–0.5ರ ನಡುವೆಯೋ ಅದರ ಮೇಲೆಯೋ ನಿಲ್ಲುತ್ತವೆ. ಜೈರ್‌ಎ ಜೀನ್ (ಔಷಧದ ಗುರಿಯಾದ ಕಿಣ್ವದ ಜೀನ್) ಸೀಕ್ವೆನ್ಸ್ ಮಾಡಿಸಿದರೆ ಕಾರಣ ಸಾಮಾನ್ಯವಾಗಿ 83ನೇ ಕೋಡಾನ್‌ನಲ್ಲೇ ಸಿಗುತ್ತದೆ: ಟಿಸಿಸಿ ಇದ್ದದ್ದು ಟಿಟಿಸಿ, ಅಂದರೆ ಸೆರೀನ್ ಜಾಗದಲ್ಲಿ ಫಿನೈಲಲನಿನ್. ಅದರ ಮೇಲೆ ಜೈರ್‌ಎ 87, ಪಾರ್‌ಸಿ (ಇನ್ನೊಂದು ಗುರಿ ಕಿಣ್ವದ ಜೀನ್) 80 ಎರಡೂ ಕೆಟ್ಟರೆ ತಳಿ ನೇರ ‘ಆರ್’.

ಹಳೆಯ ರೂಢಿಯ 30 ಮೈಕ್ರೋಗ್ರಾಂ ನಾಲಿಡಿಕ್ಸಿಕ್ ಆಮ್ಲದ (ಹಳೆಯ ಕ್ವಿನೊಲೋನ್) ಡಿಸ್ಕ್, ಅಂದರೆ ಅಗರ್ ಮೇಲಿಡುವ ಔಷಧದ ಬಿಲ್ಲೆ, 83ರ ಬದಲಾವಣೆಯನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಪ್ಲಾಸ್ಮಿಡ್ (ತಳಿಯಿಂದ ತಳಿಗೆ ದಾಟಬಲ್ಲ ಡಿಎನ್ಎ ಉಂಗುರ) ಮೇಲೆ ಬರುವ ಕ್ಯುಎನ್‌ಆರ್ ಜೀನ್ ಇದ್ದಾಗ ಡಿಸ್ಕ್ ಸುತ್ತ ಬೆಳವಣಿಗೆ ನಿಂತ ವೃತ್ತ 19 ಮಿ.ಮೀ. ದಾಟಿ ‘ಎಸ್’ ತೋರಿಸಬಹುದು, ಎಂಐಸಿ ಮಾತ್ರ 0.25 ಇರುತ್ತದೆ. 5 ಮೈಕ್ರೋಗ್ರಾಂ ಪೆಫ್ಲಾಕ್ಸಾಸಿನ್ ಡಿಸ್ಕ್ ಈ ಕಳ್ಳನನ್ನೂ ಹಿಡಿಯುತ್ತದೆ (24 ಮಿ.ಮೀ. ಮತ್ತು ಮೇಲೆ ‘ಎಸ್’, 23 ಮತ್ತು ಕೆಳಗೆ ‘ಆರ್’). ಅದಕ್ಕೂ ತಪ್ಪಿಸಿಕೊಳ್ಳುವುದು ಸಿಪ್ರೊಫ್ಲಾಕ್ಸಾಸಿನ್ನಿಗೆ ಅಸಿಟೈಲ್ ಗುಂಪು ಅಂಟಿಸುವ ಕಿಣ್ವ. ಪೆಫ್ಲಾಕ್ಸಾಸಿನ್‌ನ ಪಿಪರಜಿನ್ ತುದಿಯಲ್ಲಿ ಮೀಥೈಲ್ ಕೂತಿರುವುದರಿಂದ ಕಿಣ್ವಕ್ಕೆ ಅಂಟಿಸಲು ಜಾಗವಿಲ್ಲ. ಅಂಥ ತಳಿಯ ಬಗ್ಗೆ ಅನುಮಾನ ಬಂದರೆ ಡಿಸ್ಕ್ ಬಿಟ್ಟು ಸಿಪ್ರೊಫ್ಲಾಕ್ಸಾಸಿನ್ ಪ್ಲೇಟನ್ನೇ ಹಾಕುತ್ತೇನೆ.