ಹಲಗೆಯ ಮುಂದೆ ಒಂದು ನಿಮಿಷ

ಶಿವಮೊಗ್ಗದಲ್ಲಿ ಡಿಗ್ರಿ ಎರಡನೇ ವರ್ಷದಲ್ಲಿದ್ದೆ. ಅಂತರ ಕಾಲೇಜು ಕ್ರೀಡಾಕೂಟದ ಲಾಂಗ್ ಜಂಪ್‌ನಲ್ಲಿ ನನ್ನ ಹೆಸರಿನ ಮುಂದೆ ಒಂದು ಅಳತೆಯೂ ಬರಲಿಲ್ಲ. ಮೂರು ಜಿಗಿತ, ಮೂರೂ ಫೌಲ್. ಮೊದಲ ಮೂರು ಜಿಗಿತದಲ್ಲಿ ಎಂಟರೊಳಗೆ ಬಂದವರಿಗೆ ಮಾತ್ರ ಇನ್ನೂ ಮೂರು ಅವಕಾಶ ಸಿಗುತ್ತದೆ. ನಾನು ಸ್ಪೈಕ್ಸ್ (ಮೊಳೆ ಇರುವ ಶೂ) ಬಿಚ್ಚಿ ಚೀಲಕ್ಕೆ ತುಂಬಿಕೊಂಡೆ. ಹಿಂದಿನ ವಾರ ಪ್ರಾಕ್ಟೀಸ್‌ನಲ್ಲಿ 5.20 ಮೀಟರ್ ಜಿಗಿದಿದ್ದೆ, ಒಂದೂ ಫೌಲ್ ಇರಲಿಲ್ಲ. ಅದೇ ಕಾಲು, ಅದೇ ಹದಿನಾರು ಹೆಜ್ಜೆಯ ಓಟ.

ಆವತ್ತು ತೀರ್ಥಹಳ್ಳಿ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಿದ್ದೆ. ಗಾಜನೂರು, ಸಕ್ರೆಬೈಲು, ಮಂಡಗದ್ದೆ ಯಾವುದು ಬಂತು, ಯಾವುದು ಹೋಯ್ತು ಗೊತ್ತಾಗಲಿಲ್ಲ. ಮನೆಗೆ ಬಂದಾಗ ಅಮ್ಮ, "ಎಂತ ಆಯ್ತೇ?" ಅಂದರು. ಏನು ಅಂತ ಹೇಳುವುದು? ಏನಾಯ್ತು ಅಂತ ನನಗೇ ಗೊತ್ತಿರಲಿಲ್ಲ.

ಈಗ ನಾನು ಹೊಸನಗರ ಕಡೆಯ ಒಂದು ಹೈಸ್ಕೂಲಿನಲ್ಲಿ ಪಿ.ಇ. ಟೀಚರ್. ನಮ್ಮ ಮಕ್ಕಳಿಗೂ ಹೀಗೇ ಆಗುವುದನ್ನು ನೋಡುತ್ತೇನೆ. ಪ್ರಾಕ್ಟೀಸ್‌ನಲ್ಲಿ ಚೆನ್ನಾಗಿ ಆಡುವ ಹುಡುಗಿ ತಾಲೂಕು ಮಟ್ಟಕ್ಕೆ ಹೋದ ಕೂಡಲೇ ಬೇರೆ ಯಾರೋ ಆಗಿಬಿಡುತ್ತಾಳೆ. "ಧೈರ್ಯ ಸಾಲದು" ಅಂತ ಎಲ್ಲರೂ ಹೇಳುತ್ತಾರೆ. ನನಗೂ ಹಾಗೇ ಹೇಳಿದ್ದರು. ಆ ಮಾತಿನಿಂದ ನನಗೆ ಏನೂ ಉಪಯೋಗ ಆಗಲಿಲ್ಲ. ಆಗ ನನಗೆ ಬೇಕಾಗಿದ್ದದ್ದು ಜಿಗಿಯುವ ಮುಂಚಿನ ಆ ಒಂದು ನಿಮಿಷದಲ್ಲಿ ಕಣ್ಣು ಎಲ್ಲಿಡಬೇಕು, ಉಸಿರು ಹೇಗೆ ಬಿಡಬೇಕು, ಬಾಯಲ್ಲಿ ಏನು ಹೇಳಿಕೊಳ್ಳಬೇಕು ಅನ್ನುವುದು. ಅದನ್ನು ಕಲಿಯೋಕೆ ನನಗೆ ಒಂದು ವರ್ಷ ಹಿಡಿಯಿತು.

ಲಾಂಗ್ ಜಂಪ್ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಓಡಿ ಬಂದು ಕಾಲೂರುವ ಹಲಗೆ ಇದೆಯಲ್ಲ, ಅದರ ಅಗಲ ಬರೀ 20 ಸೆಂಟಿಮೀಟರ್. ಅದರ ಮುಂದಿನ ಅಂಚಿನಿಂದ ಅಳತೆ ಶುರು. ಹತ್ತು ಸೆಂಟಿಮೀಟರ್ ಹಿಂದೆ ಕಾಲಿಟ್ಟರೆ ಅಷ್ಟೂ ನಷ್ಟ. ಮುಂದೆ ಹೋದರೆ ಫೌಲ್. 2021ರ ನವೆಂಬರ್‌ನಿಂದ ನಿಯಮ ಇನ್ನೂ ಬಿಗಿಯಾಗಿದೆ. ಈಗ ಜಿಗಿಯುವಾಗ ಶೂ ತುದಿ ನೆಲಕ್ಕೆ ತಾಗದೆ ಆ ಅಂಚಿನ ಮೇಲಿಂದ ಆಚೆ ಚಾಚಿದರೂ ಫೌಲ್. ಹೆಸರು ಕರೆದ ಮೇಲೆ ಓಟ ಶುರು ಮಾಡೋಕೆ ಸಿಗುವುದು ಒಂದು ನಿಮಿಷ.

ಆ ದಿನ ಮೊದಲ ಫೌಲ್ ಆದಾಗ ನನ್ನ ಕೋಚ್ ದೂರದಿಂದ ಕೂಗಿದರು: "ಬೋರ್ಡ್ ನೋಡು! ಫೌಲ್ ಮಾಡ್ಬೇಡ!" ಒಳ್ಳೆಯ ಮನಸ್ಸಿನಿಂದಲೇ ಕೂಗಿದ್ದು. ನಾನು ಬೋರ್ಡ್ ನೋಡಿದೆ. ತಲೆ ಬಗ್ಗಿತು, ಸೊಂಟ ಕುಸಿಯಿತು, ಕೊನೆಯ ಹೆಜ್ಜೆ ಉದ್ದವಾಯಿತು. ಮತ್ತೆ ಫೌಲ್.

ನಮ್ಮ ಕಡೆ ಒಂದು ಮಾತಿದೆ, ಮದ್ದು ಕುಡಿಯುವಾಗ ಮಂಗನನ್ನು ನೆನೆಸಿಕೊಳ್ಳಬಾರದು ಅಂತ. ಹಾಗೆ ಹೇಳಿದ ಮೇಲೆ ಮಂಗ ಬರದೇ ಇರುತ್ತದಾ? ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲಿ ಇದನ್ನೇ ಪ್ರಯೋಗ ಮಾಡಿ ನೋಡಿದರು. ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಅಂದರು. ಗಂಟೆ ಬಾರಿಸುತ್ತಲೇ ಇತ್ತು. ಇದನ್ನು ನನಗೆ ಹೇಳಿದ್ದು ಕಾಲೇಜಿನ ಸೈಕಾಲಜಿ ಮೇಡಂ. ಸ್ಟಾಫ್ ರೂಮಿನ ಮೂಲೆಯಲ್ಲಿ ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿದ್ದರು: "ಓಡುವಾಗ ನಿನ್ನೊಳಗೆ ನೀನು ಏನು ಹೇಳ್ಕೊತೀಯ?" ಯೋಚಿಸಿ ನೋಡಿದೆ. ಹದಿನಾರು ಹೆಜ್ಜೆಯೂ "ಫೌಲ್ ಆಗ್ಬಾರ್ದು, ಫೌಲ್ ಆಗ್ಬಾರ್ದು" ಅಂತಲೇ ಇತ್ತು.

ಆ ವರ್ಷದ ಅಡಿಕೆ ಸುಗ್ಗಿಯಲ್ಲಿ ನನಗೆ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ರಾತ್ರಿ ಅಂಗಳದಲ್ಲಿ ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಾರೆ. ಅಮ್ಮನೂ ಸುಲಿಯುತ್ತಾರೆ. ಊರಿನ ಸುದ್ದಿ ಎಲ್ಲ ಮಾತಾಡುತ್ತಾ, ನಗುತ್ತಾ, ಕೈ ಕಡೆ ನೋಡುವುದೇ ಇಲ್ಲ. ಕಾಯಿ ಕತ್ತಿಗೆ ತಾಗಿ ಸರ್ ಅಂತ ಸಿಪ್ಪೆ ಬಿಡುತ್ತದೆ, ಮರುಕ್ಷಣ ಇನ್ನೊಂದು ಕಾಯಿ ಕೈಯಲ್ಲಿ. ಒಂದು ರಾತ್ರಿ ಪಕ್ಕದಲ್ಲಿ ಕೂತು ಅಮ್ಮನಿಗೆ ಕೇಳಿದೆ: "ಹೆಬ್ಬೆರಳು ಎಲ್ಲಿಡ್ತೀಯ? ಕಾಯಿ ಯಾವಾಗ ತಿರುಗಿಸ್ತೀಯ? ಸರಿಯಾಗಿ ತೋರಿಸು." ಅಮ್ಮ ತೋರಿಸೋಕೆ ಹೋದರು. ಕೈ ನಿಂತಿತು. ನಾಲ್ಕು ಕಾಯಿ ತಡವರಿಸಿಕೊಂಡು ಸುಲಿದರು. "ಸುಮ್ನಿರೇ ಮಾರಾಯ್ತಿ, ಕೈ ಕೊಯ್ಕೊಳ್ತೀನಿ" ಅಂತ ಗದರಿದರು. ಆಮೇಲೆ ಮಾತು ಶುರುವಾಯಿತು, ಕೈ ಮತ್ತೆ ಮೊದಲಿನಂತೆ ಓಡಿತು.

ನಾನು ಆ ರಾತ್ರಿ ಡಬ್ಬ ತುಂಬುವವರೆಗೂ ಅಲ್ಲೇ ಕೂತಿದ್ದೆ. ಕೈಗೆ ಬಂದಿರುವ ಕೆಲಸದಲ್ಲಿ ತಲೆ ಹೋಗಿ ಕೈ ಹಾಕಿದರೆ ಹೀಗಾಗುತ್ತದೆ. ಹೊಸದಾಗಿ ಕಲಿಯುವಾಗ ಒಂದೊಂದು ಹೆಜ್ಜೆಯನ್ನೂ ನೋಡಬೇಕು, ಸರಿ. ಕಲಿತ ಮೇಲೆ ನೋಡಿದರೆ ಕೆಡುತ್ತದೆ. 1982ರಲ್ಲಿ ಸಂಶೋಧಕ ಡೇವಿಡ್ ಲೀ ಮತ್ತು ಇಬ್ಬರು ಸಂಗಡಿಗರು ಲಾಂಗ್ ಜಂಪ್ ಆಟಗಾರರ ಹೆಜ್ಜೆಗಳನ್ನು ಅಳೆದು ಬರೆದ ಲೇಖನವೊಂದಿದೆ. ಓಟದ ಹೆಚ್ಚಿನ ಭಾಗದಲ್ಲಿ ಹೆಜ್ಜೆ ಒಂದೇ ಸಮ ಇರುತ್ತದೆ, ಸಣ್ಣ ಸಣ್ಣ ವ್ಯತ್ಯಾಸ ಸೇರುತ್ತಾ ಹೋಗುತ್ತದೆ. ಕೊನೆಯ ಕೆಲವು ಹೆಜ್ಜೆಗಳಲ್ಲಿ ಕಣ್ಣಿನ ಅಂದಾಜಿನಿಂದ ಅದು ಸರಿಹೋಗುತ್ತದೆ ಅಂತ ಅವರು ತೋರಿಸಿದರು. ಅಂದರೆ ನನ್ನ ದೇಹಕ್ಕೆ ಹಲಗೆ ಎಲ್ಲಿದೆ ಅಂತ ಗೊತ್ತು. ತಲೆ ಬಗ್ಗಿಸಿ ನಾನು ಅದಕ್ಕೆ ಪಾಠ ಹೇಳಬೇಕಿಲ್ಲ.

ಹಾಗಾದರೆ ಕಣ್ಣು ಎಲ್ಲಿಡುವುದು? ಇದಕ್ಕೆ ಉತ್ತರ ಕೊಟ್ಟಿದ್ದು ನಮ್ಮ ತೋಟಕ್ಕೆ ಅಡಿಕೆ ಗೊನೆ ಕೊಯ್ಯೋಕೆ ಬರುತ್ತಿದ್ದ ಕೊನೆಗಾರ ಅಣ್ಣ. ಕಾಲಿಗೆ ತಳೆ ಹಾಕಿಕೊಂಡು ಮರ ಹತ್ತಿ, ಕೊನೆ ಕೊಯ್ದು, ಇಳಿಯದೇ ಮರವನ್ನು ತೂಗಿಸಿ ಪಕ್ಕದ ಮರಕ್ಕೆ ದಾಟುತ್ತಿದ್ದರು. ಹೆದರಿಕೆ ಆಗಲ್ವಾ ಅಂದೆ. "ಆಗ್ತದೆ ತಂಗಿ. ಆದ್ರೆ ಕೆಳಗೆ ನೋಡದಲ್ಲ. ಮುಂದಿನ ಮರ ಹಿಡಿಯೋ ಜಾಗ ನೋಡದು" ಅಂದರು. ಇನ್ನೊಂದು ಗಮನಿಸಿದೆ. ಹತ್ತುವ ಮುಂಚೆ ಅವರು ಪ್ರತಿ ಸಲ ಅದೇ ಕೆಲಸ ಅದೇ ಕ್ರಮದಲ್ಲಿ ಮಾಡುತ್ತಿದ್ದರು. ತಳೆ ಎಳೆದು ನೋಡುವುದು, ಮರ ಎರಡು ಸಲ ತಟ್ಟುವುದು, ತುದಿಯವರೆಗೆ ಒಮ್ಮೆ ಕಣ್ಣಾಡಿಸುವುದು. ಎಷ್ಟೇ ಅವಸರ ಇದ್ದರೂ ಇದನ್ನು ಬಿಡುತ್ತಿರಲಿಲ್ಲ.

ನನ್ನ ಕ್ರಮ ನಾನು ಅಲ್ಲಿಂದ ಕಟ್ಟಿಕೊಂಡೆ. ಓಟ ಶುರು ಮಾಡುವ ಗುರುತಿನ ಹಿಂದೆ ನಿಲ್ಲುವುದು. ಬಲಗೈಯಿಂದ ಎಡ ತೊಡೆ, ಎಡಗೈಯಿಂದ ಬಲ ತೊಡೆ ತಟ್ಟುವುದು. ಜಿಗಿದು ಬೀಳುವ ಮರಳಿನ ಪಿಟ್‌ನ ಆಚೆ, ತಲೆ ಎತ್ತಿದಾಗ ಕಾಣುವ ಯಾವುದಾದರೂ ಒಂದು ಮರದ ತುದಿ ಆರಿಸಿಕೊಳ್ಳುವುದು. ಒಂದು ಪದ ಹೇಳುವುದು: "ಮೇಲೆ." ಅಷ್ಟೇ. ಹೊರಡು. ಈ ಪದ ಸಿಗೋಕೂ ಸಮಯ ಹಿಡಿಯಿತು. ಮೊದಲು "ನಾನು ಗೆದ್ದೇ ಗೆಲ್ಲುತ್ತೇನೆ" ಅಂತ ಹೇಳಿಕೊಂಡು ನೋಡಿದ್ದೆ. ಒಳಗಿನಿಂದ ಇನ್ನೊಂದು ದನಿ "ಹೌದಾ?" ಅಂತ ಕೇಳುತ್ತಿತ್ತು. ನಂಬಿಕೆ ಇಲ್ಲದ ದೊಡ್ಡ ಮಾತಿಗಿಂತ ಕಾಲಿಗೆ ಅರ್ಥವಾಗುವ ಸಣ್ಣ ಮಾತು ಒಳ್ಳೆಯದು. "ಮೇಲೆ" ಅಂದರೆ ಏನು ಮಾಡಬೇಕು ಅಂತ ದೇಹಕ್ಕೆ ಗೊತ್ತಾಗುತ್ತದೆ.

ಉಸಿರಿನ ವಿಷಯದಲ್ಲಿ ನಾನು ಒಂದು ತಪ್ಪು ಮಾಡಿದೆ, ಅದನ್ನು ಹೇಳಲೇಬೇಕು. ಉಸಿರಾಟದ ಕ್ರಮ ಹೀಗಿತ್ತು: ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ. ಎಣಿಕೆ ಸೆಕೆಂಡಿಗೊಂದರಂತೆ ಇದ್ದರೆ ನಿಮಿಷಕ್ಕೆ ಆರು ಉಸಿರು. ಉಸಿರು ಬಿಡುವಾಗ ಎದೆಬಡಿತ ನಿಧಾನ ಆಗುತ್ತದೆ, ಅದಕ್ಕೇ ಹೊರಗೆ ಬಿಡುವುದು ಉದ್ದ ಇರಬೇಕು. ಬಸ್ಸಿನಲ್ಲಿ ದಿನಾ ಹತ್ತು ನಿಮಿಷ ಅಭ್ಯಾಸ ಮಾಡಿದೆ. ಚೆನ್ನಾಗಿ ಬಂತು. ಒಂದು ಸಣ್ಣ ಕೂಟದಲ್ಲಿ ಓಟ ಶುರು ಮಾಡುವ ಕ್ಷಣದವರೆಗೂ ಹೀಗೇ ಉಸಿರಾಡಿದೆ. ಫೌಲ್ ಆಗಲಿಲ್ಲ, ಆದರೆ ಕಾಲಿನಲ್ಲಿ ಜೀವವೇ ಇರಲಿಲ್ಲ. 4.70 ಕೂಡ ದಾಟಲಿಲ್ಲ. ಗುರಿಯಿಟ್ಟು ಹೊಡೆಯುವ ಆಟಕ್ಕೆ ಬೇಕಾದ ಶಾಂತಿ ಜಿಗಿಯುವ ಆಟಕ್ಕೆ ಜಾಸ್ತಿಯಾಗುತ್ತದೆ.

ಎದೆ ಡವಡವ ಅನ್ನುವುದು ಕೆಟ್ಟದ್ದು ಅಂತ ನಾನು ಅಂದುಕೊಂಡಿದ್ದೇ ತಪ್ಪು. ಸಾಗರದ ಮಾರಿಜಾತ್ರೆಯಲ್ಲಿ ದೊಡ್ಡ ತೊಟ್ಟಿಲು ಹತ್ತುವಾಗಲೂ ಎದೆ ಹಾಗೇ ಹೊಡೆದುಕೊಳ್ಳುತ್ತದೆ. ಅಲ್ಲಿ ಅದನ್ನು ಖುಷಿ ಅನ್ನುತ್ತೇವೆ, ಇಲ್ಲಿ ಭಯ ಅನ್ನುತ್ತೇವೆ. ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾಷಣ ಮಾಡುವ ಮುಂಚೆ "ನಾನು ಶಾಂತವಾಗಿದ್ದೇನೆ" ಅಂದುಕೊಂಡವರಿಗಿಂತ "ನನಗೆ ಹುರುಪು ಬಂದಿದೆ" ಅಂದುಕೊಂಡವರು ಚೆನ್ನಾಗಿ ಮಾಡಿದರು. ನಾನು ಇದನ್ನು ಓದಿದ್ದು ಟೀಚರ್ ಆದ ಮೇಲೆ. ಆದರೆ ಅಷ್ಟರಲ್ಲಿ ನನ್ನದೇ ದಾರಿ ಕಂಡುಕೊಂಡಿದ್ದೆ. ಬೆಂಚಿನ ಮೇಲೆ ಕಾಯುವಾಗ ಉದ್ದ ಉಸಿರು. ಹೆಸರು ಕರೆದ ಮೇಲೆ ಎರಡು ಜೋರು ಉಸಿರು, ತೊಡೆಗೆ ಏಟು, ಹೊರಡು.

ಮಳೆಗಾಲದಲ್ಲಿ ನಮ್ಮ ಕಡೆ ಪಿಟ್ ಅನ್ನುವುದು ಕೆರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಿಗಿತ ಮರೆತಂತೆಯೇ. ಆ ತಿಂಗಳುಗಳಲ್ಲಿ ಮನಸ್ಸಿನೊಳಗೇ ಜಿಗಿಯುವುದನ್ನು ಕಲಿತೆ. ಹಾಸಿಗೆಯಲ್ಲಿ ಮಲಗಿ ಕನಸು ಕಂಡಂತೆ ಅಲ್ಲ. ಸ್ಪೈಕ್ಸ್ ಹಾಕಿ, ಜಗಲಿಯಲ್ಲಿ ನಿಂತು, ಕಣ್ಣು ಮುಚ್ಚಿ. ಕೈಯಲ್ಲಿ ಸ್ಟಾಪ್ ವಾಚ್. ನಿಜವಾದ ಓಟಕ್ಕೆ ನನಗೆ ನಾಲ್ಕೂವರೆ ಸೆಕೆಂಡ್ ಬೇಕಿತ್ತು. ಮೊದಲ ಸಲ ಮನಸ್ಸಿನಲ್ಲಿ ಓಡಿ ಗುಂಡಿ ಒತ್ತಿದಾಗ ಎರಡೂವರೆ ಸೆಕೆಂಡ್ ಅಷ್ಟೇ ಆಗಿತ್ತು. ಅರ್ಧ ಹೆಜ್ಜೆಗಳನ್ನು ಹಾರಿಸಿಕೊಂಡು ಬಂದಿದ್ದೆ! ಬೇಗ ಮುಗಿಸಿಬಿಡುವ ಅವಸರ ಅಲ್ಲೂ ಇತ್ತು. ಮತ್ತೆ ಮತ್ತೆ ಮಾಡಿದೆ. ಮೊದಲ ನಾಲ್ಕು ಹೆಜ್ಜೆ ತಳ್ಳುವುದು ತೊಡೆಯಲ್ಲಿ ಗೊತ್ತಾಗಬೇಕು, ಕಿವಿಯಲ್ಲಿ ಗಾಳಿ ಕೇಳಬೇಕು, ಕಾಲಡಿ ಹಲಗೆಯ ಸದ್ದು ಬರಬೇಕು, ಆಮೇಲೆ ಒದ್ದೆ ಮರಳು. ಆಗಸ್ಟ್ ಮುಗಿಯುವಾಗ ಗಡಿಯಾರ 4.3, 4.6 ತೋರಿಸುತ್ತಿತ್ತು. ದಿನಕ್ಕೆ ಆರು ಜಿಗಿತ, ಅದಕ್ಕಿಂತ ಜಾಸ್ತಿ ಮಾಡಿದರೆ ಗಮನ ಚದುರುತ್ತದೆ.

ಫೌಲ್ ಆದರೆ ಏನು ಮಾಡುವುದು ಅನ್ನುವುದನ್ನೂ ಜಗಲಿಯಲ್ಲೇ ಅಭ್ಯಾಸ ಮಾಡಿದೆ. ಕೆಂಪು ಬಾವುಟ ಎದ್ದರೆ, ಎಷ್ಟು ಮುಂದೆ ಹೋಯ್ತು ಅಂತ ನಿರ್ಣಾಯಕರನ್ನು ಕೇಳುವುದು. ಗುರುತನ್ನು ಅಷ್ಟೇ ಹಿಂದೆ ಸರಿಸುವುದು. ನೀರು ಕುಡಿದು ಟವೆಲ್ ತಲೆ ಮೇಲೆ ಹಾಕಿಕೊಂಡು ಕೂರುವುದು. ಬೇರೆಯವರ ಅಳತೆ ಕೇಳದಿರುವುದು. ಮೈಕ್ ಪೊವೆಲ್ 1991ರಲ್ಲಿ ಟೋಕಿಯೋದಲ್ಲಿ 8.95 ಮೀಟರ್ ಜಿಗಿದದ್ದು ಐದನೇ ಪ್ರಯತ್ನದಲ್ಲಿ. ಇವತ್ತಿಗೂ ಅದೇ ಪುರುಷರ ವಿಶ್ವ ದಾಖಲೆ. ಅದರ ಹಿಂದಿನ ಪ್ರಯತ್ನ, ನಾಲ್ಕನೆಯದು, ಫೌಲ್. ಇದನ್ನು ನಮ್ಮ ಹುಡುಗಿಯರಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಲ್ಲ.

ಮರುವರ್ಷ ಅದೇ ಕೂಟ. ಮೊದಲ ಜಿಗಿತ 5.02. ಎರಡನೆಯದು ಫೌಲ್, ನಾಲ್ಕು ಬೆರಳಿನಷ್ಟು. ಟವೆಲ್ ಹಾಕಿಕೊಂಡು ಕೂತೆ. ಕೈ ನಡುಗುತ್ತಿತ್ತು, ಉಸಿರು ಎಣಿಸಿದೆ. ಮೂರನೆಯದು 5.19. ಐದನೆಯದು 5.31. ಮೂರನೇ ಸ್ಥಾನ ಬಂತು.

ಇನ್ನೊಂದು ಮಾತು ಪದಕಕ್ಕಿಂತ ಮುಖ್ಯ. ಆ ಮೂರು ಫೌಲ್ ಆದ ಮೇಲೆ ಎರಡು ತಿಂಗಳು ನಾನು ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಊಟ ಸೇರುತ್ತಿರಲಿಲ್ಲ. ಮೈದಾನದ ಹತ್ತಿರ ಹೋಗೋಕೇ ಆಗುತ್ತಿರಲಿಲ್ಲ. 2003ರಲ್ಲಿ ಪ್ಯಾರಿಸ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಂಜು ಬಾಬಿ ಜಾರ್ಜ್ 6.70 ಮೀಟರ್ ಜಿಗಿದು ಕಂಚು ಗೆದ್ದಾಗ ಪೇಪರಿನಿಂದ ಕತ್ತರಿಸಿ ಗೋಡೆಗೆ ಅಂಟಿಸಿದ್ದ ಅವರ ಫೋಟೋವನ್ನು ಆಗ ಕಿತ್ತು ಇಟ್ಟಿದ್ದೆ. ಮರಳಿನಲ್ಲಿ ಬಿದ್ದ ಗುರುತೇ ನಾನು ಅಂದುಕೊಂಡಿದ್ದೆ. ಗುರುತೇ ಬೀಳದಿದ್ದರೆ ನಾನೂ ಇಲ್ಲ. ಮೇಡಂ ಆಗ ಒಂದು ನೋಟ್‌ಬುಕ್ ಕೊಟ್ಟು ದಿನಾ ಮೂರು ಸಾಲು ಬರೆಯೋಕೆ ಹೇಳಿದರು: ಇವತ್ತು ದೇಹ ಏನು ಹೇಳಿತು, ಯಾವುದು ಸರಿಯಾಯಿತು, ಆಟ ಬಿಟ್ಟು ಇನ್ನೇನು ಮಾಡಿದೆ. ಮೂರನೇ ಸಾಲು ಬರೆಯೋದೇ ಕಷ್ಟವಾಗಿತ್ತು. ಅಜ್ಜಿಗೆ ಕಣ್ಣಿನ ಔಷಧಿ ಹಾಕಿದೆ, ಗೆಳತಿ ಜೊತೆ ತುಂಗೆ ದಡಕ್ಕೆ ಹೋದೆ ಅಂತ ಬರೆಯುತ್ತಾ ಬರೆಯುತ್ತಾ ನಿದ್ದೆ ವಾಪಸ್ ಬಂತು.

ನನಗೆ ಮೇಡಂ ಇದ್ದರು. ಎಲ್ಲರಿಗೂ ಇರುವುದಿಲ್ಲ. 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನ ತಂಡದ ಫೈನಲ್‌ನಿಂದ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಮನಸ್ಸು ಸರಿಯಿಲ್ಲ ಅಂತ ಹಿಂದೆ ಸರಿದಾಗ ನನಗೆ ಎಷ್ಟೋ ಸಮಾಧಾನ ಆಯಿತು. ಅಷ್ಟು ದೊಡ್ಡ ಆಟಗಾರ್ತಿ ಬಾಯಿಬಿಟ್ಟು ಹೇಳಿದಳಲ್ಲ ಅಂತ. ನಿದ್ದೆ, ಊಟ ಕೆಟ್ಟು ವಾರಗಟ್ಟಲೆ ಆದರೆ ಉಸಿರು ಎಣಿಸುತ್ತಾ ಕೂರಬೇಡಿ, ಯಾರ ಹತ್ತಿರವಾದರೂ ಮಾತಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, 2022ರಲ್ಲಿ ಶುರುವಾಗಿದ್ದು. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ನಮ್ಮ ಶಾಲೆಯ ಕ್ರೀಡಾ ಕೊಠಡಿಯ ಬಾಗಿಲ ಮೇಲೆ ಈ ನಂಬರ್ ಬರೆದು ಅಂಟಿಸಿದ್ದೇನೆ.

ಈಗ ಮತ್ತೆ ಮಳೆ ಹಿಡಿದಿದೆ. ಪಿಟ್‌ನಲ್ಲಿ ಮೊಣಕಾಲುದ್ದ ನೀರು. ನಿನ್ನೆ ಸಂಜೆ ಶಾಲೆಯ ಜಗಲಿಯಲ್ಲಿ ಒಂಬತ್ತನೇ ಕ್ಲಾಸಿನ ನಾಲ್ವರು ಹುಡುಗಿಯರು ಶೂ ಹಾಕಿ, ಕಣ್ಣು ಮುಚ್ಚಿ ನಿಂತಿದ್ದರು. ಸ್ಟಾಪ್ ವಾಚ್ ನನ್ನ ಕೈಯಲ್ಲಿತ್ತು. ಮೂವರು ಬೇಗ ಕಣ್ಣು ಬಿಟ್ಟರು. ನಾಲ್ಕನೆಯವಳ ಎಡಪಾದ ನೆಲದ ಮೇಲೆ ಒಮ್ಮೆ ಅದುರಿತು, ಗಲ್ಲ ಮೇಲೆದ್ದಿತು. ಕಣ್ಣು ಬಿಟ್ಟು, "ಎಷ್ಟಾಯ್ತು, ಮಿಸ್?" ಅಂದಳು. 4.9 ಅಂದೆ. "ಮಣ್ಣು ಒದ್ದೆ ಇತ್ತು, ನಿಧಾನಕ್ಕೆ ಓಡಿದೆ" ಅಂದಳು.