ಸಿಂಧನೂರಿನ ಎರೆ ಹಿತ್ತಲಲ್ಲಿ ಮಾವು

ಸಿಂಧನೂರು ಅಂದರೆ ಭತ್ತ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಕಣ್ಣು ಹಾಯುವಷ್ಟು ದೂರ ಗದ್ದೆ, ಮಳೆ ಬಂದರೆ ಚಪ್ಪಲಿ ಕಿತ್ತುಕೊಳ್ಳುವ ಕಪ್ಪು ಎರೆ ಮಣ್ಣು. ಇಂಥ ಊರಲ್ಲಿ ಹಿತ್ತಲಿಗೆ ಮಾವು ಹಚ್ಚುತ್ತೇನೆ ಅಂದರೆ ಮೊದಲು ಬರುವ ಮಾತು, "ಎರೆಯಾಗ ಮಾವು ಬರಂಗಿಲ್ರಿ." ಬರುತ್ತದೆ. ನಮ್ಮ ಹಿತ್ತಲಲ್ಲಿ ಬೇನಿಷಾ, ಕೇಸರ್, ಮಲ್ಲಿಕಾ ಮೂರು ಜಾತಿಯೂ ಕಾಯಿ ಕೊಡುತ್ತಿವೆ. ಪಕ್ಕದಲ್ಲಿ ಪೇರಲ, ಲಿಂಬೆ, ಸೀತಾಫಲ, ಚಿಕ್ಕು ಇವೆ. ಎರೆಯಲ್ಲಿ ಮಾವು ಕೆಡುವುದು ಬಹುತೇಕ ನೀರು ಹೆಚ್ಚಾಗಿಯೇ ಅನ್ನುವುದು ನಾನು ಕಂಡುಕೊಂಡ ಮಾತು.

ನಾನು ಲೈನ್‌ಮನ್. ಮಳೆಗಾಲಕ್ಕೆ ಮುಂಚೆ ತಂತಿಗೆ ತಾಗುವ ಟೊಂಗೆ ಕಡಿಯುವುದು ನಮ್ಮ ಕೆಲಸದ ಒಂದು ಪಾಲು. ಎಲ್ಲಿ ಕಡಿದರೆ ಗಿಡ ಹೇಗೆ ಚಿಗುರುತ್ತದೆ ಅನ್ನುವುದನ್ನು ರಸ್ತೆ ಬದಿಯ ಗಿಡಗಳೇ ಕಲಿಸಿವೆ. ಅದರ ಮಾತು ಆಮೇಲೆ, ಮೊದಲು ಮಣ್ಣು.

ಎರೆ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಉಬ್ಬಿದಾಗ ಬೇರಿಗೆ ಗಾಳಿ ಸಿಗುವುದಿಲ್ಲ, ಬಿರುಕು ಬಿಟ್ಟಾಗ ಎಳೆಬೇರು ಹರಿಯುತ್ತವೆ. ನಮ್ಮ ಕಡೆ ಇದರ ಮೇಲೆ ಇನ್ನೊಂದು ತೊಡಕು: ಸುತ್ತಲಿನ ಗದ್ದೆಗಳಿಗೆ ನೀರು ಬಿಟ್ಟ ತಿಂಗಳುಗಳಲ್ಲಿ ನೆಲದೊಳಗಿನ ನೀರೂ ಮೇಲೇರುತ್ತದೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ. ಮಾವಿಗೆ ಮೂರು ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ ಅಂತ ಎಲ್ಲರೂ ಹೇಳುತ್ತಾರೆ. ನೀರು ಇಂಗುವ ಕೆಂಪು ಮಸಾರಿ ನೆಲಕ್ಕೆ ಅದು ಸರಿ. ಎರೆಯಲ್ಲಿ ಅಷ್ಟು ಆಳ ತೋಡಿ ಸಡಿಲ ಮಣ್ಣು ತುಂಬಿದರೆ ಸುತ್ತಲ ನೀರೆಲ್ಲ ಅದರೊಳಗೆ ಇಳಿಯುತ್ತದೆ, ಹೊರಗೆ ಹೋಗಲು ದಾರಿ ಇರುವುದಿಲ್ಲ.

ಅದಕ್ಕೆ ನಾನು ಒಂದೂವರೆ ಅಡಿಯಷ್ಟೇ ಅಗೆದು, ತೆಗೆದ ಹೆಂಟೆಗಳನ್ನು ಬೇಸಿಗೆ ಬಿಸಿಲಿಗೆ ಬಿಟ್ಟೆ. ಆ ಮಣ್ಣಿಗೆ ಸಮಪಾಲು ಮಸಾರಿ, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಗಿಡಕ್ಕೆ ಎರಡು ಕಿಲೋದಷ್ಟು ಬೇವಿನ ಹಿಂಡಿ ಸೇರಿಸಿ, ನೆಲದ ಮೇಲೆ ಒಂದೂವರೆ ಅಡಿ ಎತ್ತರ, ಐದು ಅಡಿ ಅಗಲದ ದಿಬ್ಬ ಮಾಡಿದೆ. ಮುಂಗಾರು ಹಿಡಿದ ಮೇಲೆ ಸಸಿಯನ್ನು ದಿಬ್ಬದ ನೆತ್ತಿಯಲ್ಲಿ ಹಚ್ಚಿದ್ದು. ದಿಬ್ಬ ವರ್ಷಕ್ಕಿಷ್ಟು ಕುಸಿಯುತ್ತದೆ, ಸುತ್ತ ಮಣ್ಣು ಏರಿಸಬೇಕು. ಏರಿಸುವಾಗ ಕಸಿ ಗಂಟು ಮುಚ್ಚಬಾರದು. ಗಂಟಿನ ಕೆಳಗೆ ಬರುವ ಚಿಗುರನ್ನು ಕಂಡಲ್ಲೇ ಚಿವುಟಬೇಕು. ಅದು ಕಾಟು ಮಾವು, ಬಿಟ್ಟರೆ ಮೇಲಿನ ಜಾತಿಯನ್ನೇ ನುಂಗಿಬಿಡುತ್ತದೆ. ಗಿಡದಿಂದ ಗಿಡಕ್ಕೆ ಹದಿನೈದು ಅಡಿ ಬಿಟ್ಟಿದ್ದೇನೆ. ಗೋಡೆ, ಶೌಚದ ಗುಂಡಿ ಎರಡರಿಂದಲೂ ದೂರ.

ಜಾತಿಯ ವಿಷಯದಲ್ಲಿ ನನಗೆ ಆಸೆಗಿಂತ ಹವೆ ಮುಖ್ಯ. ಆಪೂಸ್ ಎಲ್ಲರಿಗೂ ಬೇಕು, ಆದರೆ ಅದು ಒಂದು ವರ್ಷ ಬಿಟ್ಟರೆ ಇನ್ನೊಂದು ವರ್ಷ ಮುನಿಸಿಕೊಳ್ಳುವ ಗಿಡ, ಮೇಲಾಗಿ ಹಣ್ಣಿನೊಳಗೆ ತಿರುಳು ಬೆಂಡಾಗುವ ಕಾಟ. ಕೇಸರ್ ಮೂಲದಲ್ಲಿ ಗುಜರಾತಿನ ಜುನಾಗಡದ್ದು, ಕೊಪ್ಪಳ ಜಿಲ್ಲೆಯ ಬಿಸಿಲಿಗೆ ಚೆನ್ನಾಗಿ ಒಗ್ಗಿಕೊಂಡಿದೆ, ನಮ್ಮಲ್ಲೂ ಒಗ್ಗಿತು. ಮಲ್ಲಿಕಾ ನೀಲಂ ಮತ್ತು ದಶೇರಿ ಸೇರಿಸಿ ದೆಹಲಿಯಲ್ಲಿ ಮಾಡಿದ ಜಾತಿ. ಅದೇ ಜೋಡಿಯನ್ನು ತಿರುವುಮುರುವು ಮಾಡಿ ತೆಗೆದದ್ದು ಆಮ್ರಪಾಲಿ. ಅದು ಗಿಡ್ಡ ಜಾತಿ, ಎಂಟು ಅಡಿ ಅಂತರದಲ್ಲೂ ಹಚ್ಚಬಹುದು. ಜಾಗ ಕಡಿಮೆ ಇರುವವರು ಕೇಳಿದರೆ ನಾನು ಆಮ್ರಪಾಲಿಯನ್ನೇ ಹೇಳುತ್ತೇನೆ. ಕೊಪ್ಪಳದ ಮಾವು ಮೇಳದಲ್ಲಿ ಜಪಾನಿನ ದುಬಾರಿ ಮಾವು ಮಿಯಾಜಾಕಿ ಇಟ್ಟಾಗ ಜನ ಅದರ ಮುಂದೆ ಮುಗಿಬಿದ್ದು ಫೋಟೋ ತೆಗೆಸಿಕೊಂಡರು. ಆ ಸಸಿ ಬೇಕು ಅಂತ ಈಗಲೂ ನನ್ನನ್ನು ಕೇಳುವವರಿದ್ದಾರೆ. ಬೆಲೆ ನೋಡಿ ಹಿತ್ತಲಿಗೆ ಗಿಡ ತರಬೇಡಿ ಅಂತಷ್ಟೇ ಹೇಳಿ ಕಳಿಸುತ್ತೇನೆ.

ಇನ್ನು ನೀರು. ಹಚ್ಚಿದ ಮೊದಲ ಎರಡು ಬೇಸಿಗೆ ಸಸಿಗೆ ನೀರು ಬೇಕೇ ಬೇಕು. ವಾರಕ್ಕೆ ಎರಡು ಸಲ, ಒಂದು ಕೊಡದಷ್ಟು, ನಿಧಾನಕ್ಕೆ. ಬುಡದ ಸುತ್ತ ಶೇಂಗಾ ಹೊಟ್ಟು ಅಥವಾ ಭತ್ತದ ಹುಲ್ಲು ನಾಲ್ಕು ಬೆರಳು ದಪ್ಪ ಹೊದಿಸಿದರೆ ಬಿರುಕು ಬಿಡುವುದು ತಪ್ಪುತ್ತದೆ. ಹೊದಿಕೆ ಕಾಂಡಕ್ಕೆ ತಾಗಬಾರದು, ಗೆದ್ದಲು ಹತ್ತುತ್ತದೆ. ಈ ಎರಡು ಮೂರು ವರ್ಷ ಬಂದ ಹೂವನ್ನೆಲ್ಲ ಚಿವುಟಿ ಹಾಕಿದೆ. ಮನೆಯಲ್ಲಿ ಇದಕ್ಕೆ ದೊಡ್ಡ ಜಗಳವೇ ಆಯಿತು. "ಬಂದ ಹೂವು ಚಿವುಟತಾರೇನ್ರೀ ಯಾರಾದರೂ?" ಅಂತ ಮನೆಯಾಕಿ. ಆದರೆ ಎಳೆ ಗಿಡ ಕಾಯಿ ಹೊತ್ತರೆ ಟೊಂಗೆ ಬೆಳೆಯುವುದಿಲ್ಲ.

ಗಿಡ ಬೆಳೆದ ಮೇಲೆ ಲೆಕ್ಕ ಬದಲು. ಮಾವಿನ ಹೂ ಬರುವುದು ನಾಲ್ಕೈದು ತಿಂಗಳು ಬಲಿತ ಚಿಗುರಿನ ತುದಿಯಲ್ಲಿ, ಚಳಿ ಬಿದ್ದಾಗ. ಆ ಹೊತ್ತಿಗೆ ಬುಡದಲ್ಲಿ ಹಸಿ ಇದ್ದರೆ ಗಿಡ ಹೂವಿನ ಬದಲು ಕೆಂಪನೆಯ ಎಲೆ ಚಿಗುರು ಹೊರಡಿಸುತ್ತದೆ. ನೋಡಲು ಬಲು ಚೆಂದ, ಆ ವರ್ಷ ಕಾಯಿ ಮಾತ್ರ ಇಲ್ಲ. ಹೂ ತರಿಸುವುದು ಚಳಿಯ ಕೆಲಸ, ಎಲೆ ಬಾರದಂತೆ ತಡೆಯುವುದು ಬಾಯಾರಿಕೆಯ ಕೆಲಸ. ಆದ್ದರಿಂದ ಹಿಂಗಾರು ಮಳೆ ನಿಂತ ಮೇಲೆ, ಅಕ್ಟೋಬರ್ ಕೊನೆಯಿಂದ, ನಾನು ಮಾವಿಗೆ ಒಂದು ಹನಿ ನೀರೂ ಕೊಡುವುದಿಲ್ಲ. ಹೊದಿಕೆಯನ್ನೂ ಸರಿಸಿಬಿಡುತ್ತೇನೆ, ಮಣ್ಣು ಒಣಗಲಿ ಅಂತ. ಎಲೆ ಸ್ವಲ್ಪ ಬಾಡಿದಂತೆ ಕಾಣುತ್ತದೆ. ಪಕ್ಕದ ಮನೆಯ ಅಕ್ಕಾರು ಕಾಂಪೌಂಡಿನ ಮೇಲಿಂದ, "ಅಣ್ಣಾರ, ಗಿಡ ಒಣಗಾಕ ಹತ್ತ್ಯಾವ, ನಮ್ಮ ಪೈಪು ಬಿಡ್ಲೇನ್ರಿ?" ಅಂತ ಕಳಕಳಿಯಿಂದ ಕೇಳುತ್ತಾರೆ. ಬ್ಯಾಡ್ರಿ ಅಂತ ಕೈಮುಗಿಯುತ್ತೇನೆ. ಕುಷ್ಟಗಿ, ಯಲಬುರ್ಗಾ ಕಡೆಯ ದಾಳಿಂಬೆ ಬೆಳೆಗಾರರು ಬಹಾರ ಹಿಡಿಯಲು, ಅಂದರೆ ಒಟ್ಟಿಗೆ ಹೂ ತರಿಸಲು, ನೀರು ಬಂದ್ ಮಾಡುವುದೂ ಇದೇ ಗುಟ್ಟು.

ನೀರು ಮತ್ತೆ ಶುರು ಮಾಡುವುದು ಕಾಯಿ ಬಟಾಣಿ ಗಾತ್ರಕ್ಕೆ ಬಂದ ಮೇಲೆ. ಹೂವಿನಲ್ಲಿರುವಾಗಲೇ ಅವಸರಪಟ್ಟು ತುಂಬಾ ಕೊಟ್ಟರೆ ಉದುರುತ್ತದೆ. ಆಮೇಲೆ ಎಂಟು ಹತ್ತು ದಿನಕ್ಕೊಮ್ಮೆ, ಕಾಂಡದ ಬುಡಕ್ಕಲ್ಲ, ಟೊಂಗೆಯ ನೆರಳು ಬೀಳುವ ಅಂಚಿಗೆ. ನೀರು ಹೀರುವ ಎಳೆಬೇರು ಇರುವುದು ಅಲ್ಲಿಯೇ. ಕೊಯ್ಯುವ ಹದಿನೈದು ದಿನ ಮುಂಚೆ ಮತ್ತೆ ಬಂದ್, ಹಣ್ಣು ಸಿಹಿಯಾಗುತ್ತದೆ.

ಎಂಥ ನೀರು ಅನ್ನುವುದೂ ಮುಖ್ಯ. ಮಾವು ಉಪ್ಪು ತಡೆಯುವ ಗಿಡವಲ್ಲ. ಎಲೆಯ ತುದಿ, ಅಂಚು ಸುಟ್ಟಂತೆ ಕಂದು ಆಗುತ್ತಿದ್ದರೆ ರೋಗ ಹುಡುಕುವ ಮುಂಚೆ ಬೋರಿನ ನೀರು ಬಾಯಿಗೆ ಹಾಕಿ ನೋಡಿ. ಈಗ ಎಲ್ಲರ ಮನೆಯಲ್ಲೂ ಕುಡಿಯುವ ನೀರಿನ ಮಷಿನ್ ಇದೆ, ಅದರಿಂದ ಹೊರಬೀಳುವ ನೀರನ್ನು ಗಿಡಕ್ಕೆ ಹಾಕಿ ಉಳಿತಾಯ ಆಯಿತು ಅಂದುಕೊಳ್ಳುತ್ತಾರೆ. ಆ ನೀರಿನಲ್ಲಿ ಇರುವುದೆಲ್ಲ ಸೋಸಿ ಉಳಿದ ಉಪ್ಪೇ. ಬಚ್ಚಲ ನೀರಿನಲ್ಲಿ ಸೋಪಿನ ಸೋಡಾ ಇರುತ್ತದೆ, ಎರೆಯನ್ನು ಇನ್ನೂ ಬಿಗಿ ಮಾಡುತ್ತದೆ. ನಮ್ಮಲ್ಲಿ ಎರಡೂ ತೆಂಗಿಗೆ ಹೋಗುತ್ತವೆ. ತೆಂಗು ತಡೆದುಕೊಳ್ಳುತ್ತದೆ. ಮಾವಿಗೆ ಕಾಲುವೆ ನೀರು ಅಥವಾ ಮಾಳಿಗೆಯ ಮಳೆನೀರು.

ಇನ್ನು ಚಾಟ್ನಿಯ, ಅಂದರೆ ಟೊಂಗೆ ಕತ್ತರಿಸುವ ಮಾತು. ಹಿತ್ತಲ ಮಾವು ಕೈಗೆ ಎಟಕುವಂತಿರಬೇಕು. ಮೂವತ್ತು ಅಡಿ ಎತ್ತರದ ಗಿಡದ ಹಣ್ಣು ಗಿಳಿಗೆ, ಬಾವಲಿಗೆ, ಪಕ್ಕದ ಓಣಿಗೆ. ಸಸಿ ಸೊಂಟದಷ್ಟು ಬೆಳೆದಾಗ ತುದಿ ಕತ್ತರಿಸಿ, ಬಂದ ಚಿಗುರುಗಳಲ್ಲಿ ಬೇರೆ ಬೇರೆ ದಿಕ್ಕಿಗೆ ಹೋಗುವ ಮೂರು ನಾಲ್ಕನ್ನು ಮಾತ್ರ ಉಳಿಸಿದೆ. ಒಂದೇ ಮಟ್ಟದಿಂದ ಹೊರಟ ಟೊಂಗೆಗಳು ಕಾಯಿಯ ಭಾರಕ್ಕೆ ಸೀಳುತ್ತವೆ, ಅವು ಹೊರಡುವ ಮಟ್ಟ ಹೆಚ್ಚು ಕಡಿಮೆ ಇರಲಿ.

ರಸ್ತೆ ಬದಿಯಲ್ಲಿ ನಾವು ಅವಸರದಲ್ಲಿ ತಲೆ ಬೋಳಿಸಿದಂತೆ ಕಡಿದ ಗಿಡ ಮರುವರ್ಷ ಏನು ಮಾಡುತ್ತದೆ ನೋಡಿದ್ದೀರಾ? ಕಡಿದಲ್ಲಿಂದ ಪೊರಕೆ ಕಟ್ಟಿದ ಹಾಗೆ ನೆಟ್ಟಗೆ ಚಿಗುರು ಎಬ್ಬಿಸಿ ಮೊದಲಿಗಿಂತ ಬೇಗ ತಂತಿ ಮುಟ್ಟುತ್ತದೆ. ಆ ಚಿಗುರು ಸೊಕ್ಕಿನದು, ಹೂ ಬಿಡುವುದಿಲ್ಲ. ಹಿತ್ತಲಲ್ಲಿ ಹಾಗೆ ಮಾಡಬಾರದು. ಎತ್ತರದ ಟೊಂಗೆಯನ್ನು ಕೆಳಗಿನ ಕವಲಿನವರೆಗೆ ಇಳಿದು, ಪಕ್ಕಕ್ಕೆ ಹೋಗುವ ಟೊಂಗೆಯ ಬುಡದಲ್ಲಿ ಕತ್ತರಿಸಬೇಕು. ಆಗ ಗಿಡದ ಜೀವ ಆ ಪಕ್ಕದ ಟೊಂಗೆಗೆ ತಿರುಗುತ್ತದೆ. ದಪ್ಪ ಟೊಂಗೆಯಾದರೆ ಮೊದಲು ಅಡಿಯಿಂದ ಅರ್ಧ ಗಾಯ, ಆಮೇಲೆ ಅದರಾಚೆ ಮೇಲಿಂದ ಕೊಯ್ತ. ಇಲ್ಲದಿದ್ದರೆ ಬೀಳುವಾಗ ಕಾಂಡದ ತೊಗಟೆ ಸುಲಿದುಕೊಂಡು ಹೋಗುತ್ತದೆ. ಉಳಿದ ಮೋಟನ್ನು ಕೊನೆಗೆ ತೆಗೆಯಬೇಕು. ಗಾಯಕ್ಕೆ ಬೋರ್ಡೋ ಮುಲಾಮು: ನೂರು ಗ್ರಾಂ ಮೈಲುತುತ್ತ, ನೂರು ಗ್ರಾಂ ಸುಣ್ಣ, ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಅರ್ಧರ್ಧ ಲೀಟರ್ ನೀರಿಗೆ ಕಲಸಿ ಆಮೇಲೆ ಕೂಡಿಸುವುದು. ನೆರಳು ಹೋಗಿ ಬಿಸಿಲಿಗೆ ಬಿದ್ದ ಟೊಂಗೆಗಳಿಗೆ ಸುಣ್ಣ ಬಳಿಯಬೇಕು. ನಲವತ್ತು ಡಿಗ್ರಿ ದಾಟುವ ನಮ್ಮ ಬಿಸಿಲು ತೊಗಟೆಯನ್ನೂ ಸುಡುತ್ತದೆ.

ಕಡಿಯುವ ಕಾಲ ಒಂದೇ, ಕೊಯ್ಲಾದ ಕೂಡಲೇ. ಜುಲೈ ಒಳಗೆ ಮುಗಿದರೆ ಹೊಸ ಚಿಗುರು ಚಳಿಗಾಲದ ಹೊತ್ತಿಗೆ ಬಲಿಯುತ್ತದೆ. ದಸರೆಗೆ ಮನೆ ಚೊಕ್ಕ ಮಾಡುವಾಗ ಗಿಡವನ್ನೂ ಚೊಕ್ಕ ಮಾಡಿದಿರೋ, ಆ ವರ್ಷದ ಹೂವನ್ನೇ ಕಡಿದು ಹಾಕಿದ ಹಾಗೆ. ಇನ್ನೊಂದು, ಇದು ನನ್ನ ಕೆಲಸದ ಮಾತು: ತಂತಿಯ ಹತ್ತಿರದ ಕಾಯಿಗೆ ಕಬ್ಬಿಣದ ಅಥವಾ ಅಲ್ಯೂಮಿನಿಯಂ ಕೊಕ್ಕೆ ಎತ್ತಬೇಡಿ. ಹಸಿ ಬಿದಿರೂ ಕರೆಂಟು ಹೊಡೆಯುತ್ತದೆ. ಒಂದು ಮಾವಿನಕಾಯಿಗೆ ಅಷ್ಟು ಬೆಲೆ ಇಲ್ಲ.

ಹುಳ ರೋಗದ ಬಗ್ಗೆ ಹೆಚ್ಚೇನಿಲ್ಲ. ಗಿಡದ ನಡುವೆ ಬೆಳಕು, ಗಾಳಿ ಆಡುತ್ತಿದ್ದರೆ ಜಿಗಿಹುಳು ಅರ್ಧ ಕಡಿಮೆ. ಹೂಗೊಂಚಲು ಮೂಡುವಾಗ ಬೇವಿನೆಣ್ಣೆ, ಬಿಳಿ ಬೂದಿ ಕಂಡರೆ ನೀರಿನಲ್ಲಿ ಕದಡುವ ಗಂಧಕ ಲೀಟರಿಗೆ ಎರಡು ಮೂರು ಗ್ರಾಂ. ಹೂ ಅರಳಿದಾಗ ಏನೂ ಹೊಡೆಯುವುದಿಲ್ಲ. ನೊಣ, ಜೇನು ಬಾರದಿದ್ದರೆ ಕಾಯಿ ಕಚ್ಚುವುದಿಲ್ಲ. ಹಣ್ಣಿನ ನೊಣಕ್ಕೆ, ಗಂಡು ನೊಣವನ್ನು ವಾಸನೆಯಿಂದ ಸೆಳೆಯುವ ಮಿಥೈಲ್ ಯೂಜಿನಾಲ್ ಬಲೆ ತೂಗು ಹಾಕಿ, ಉದುರಿದ ಕಾಯಿಗಳನ್ನು ದಿನಾ ಆರಿಸಿ ಆಳಕ್ಕೆ ಹೂಳುತ್ತೇವೆ. ಕಾಂಡದ ತೂತಿನಿಂದ ಹಿಟ್ಟು ಉದುರುತ್ತಿದ್ದರೆ ಒಳಗೆ ಕೊರೆಯುವ ಹುಳು ಇದೆ ಅಂತ. ಅದಕ್ಕೆ ತಂತಿ ತೂರಿಸಿ ಚುಚ್ಚುವುದು, ನಮ್ಮ ಮನೆಯಲ್ಲಿ ತಂತಿಗೇನು ಬರ!

ಉಳಿದ ಗಿಡಗಳಲ್ಲಿ ಸೀತಾಫಲದಷ್ಟು ಸುಖದ್ದು ಇನ್ನೊಂದಿಲ್ಲ. ಬೇಸಿಗೆಯಲ್ಲಿ ಎಲೆ ಉದುರಿಸಿ ಸತ್ತಂತೆ ನಿಲ್ಲುತ್ತದೆ, ಹಾಗೆಯೇ ಬಿಡಬೇಕು. ಮೊದಲ ಮಳೆಗೆ ಚಿಗುರು, ಹೂ ಒಟ್ಟಿಗೆ ಬರುತ್ತವೆ. ಲಿಂಬೆ, ಪೇರಲಗಳ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಅದು ಕಬ್ಬಿಣದ ಕೊರತೆ. ಎರೆಯಲ್ಲಿ ಸುಣ್ಣದ ಅಂಶ ಹೆಚ್ಚು, ಬುಡಕ್ಕೆ ಹಾಕಿದ್ದು ಅಲ್ಲೇ ಕಟ್ಟಿಹೋಗುತ್ತದೆ, ಎಲೆಗೆ ಸಿಂಪಡಿಸಬೇಕು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಮಾವಿಗೊಂದು, ಲಿಂಬೆ ಜಾತಿಗೊಂದು ಲಘು ಪೋಷಕಾಂಶದ ಪುಡಿ ಮಾಡಿದ್ದಾರೆ, ಅದನ್ನೇ ಬಳಸುತ್ತೇನೆ. ಚಿಕ್ಕು ನಿಧಾನದ ಗಿಡ, ಅದರ ತಂಟೆಗೆ ಹೋಗದಿದ್ದರೆ ಸಾಕು. ದಾಳಿಂಬೆ ಮಾತ್ರ ನಾನು ಹಚ್ಚಿಲ್ಲ. ಗದ್ದೆಯ ತೇವದ ಗಾಳಿಗೆ ಅಂಗಮಾರಿ ರೋಗ ಬಂತೆಂದರೆ ಔಷಧಿ ಹೊಡೆಯುವುದೇ ಬದುಕಾಗುತ್ತದೆ.

ಕೊಯ್ಯುವಾಗ ಬೆರಳುದ್ದ ತೊಟ್ಟು ಬಿಟ್ಟು ಕತ್ತರಿಸಿ. ತೊಟ್ಟು ಮುರಿದರೆ ಚಿಮ್ಮುವ ಸೊನೆ ಸಿಪ್ಪೆಯನ್ನು ಸುಡುತ್ತದೆ, ಅಲ್ಲಿಂದಲೇ ಕೊಳೆ ಶುರು. ತೊಟ್ಟಿನ ಪಕ್ಕದ ಹೆಗಲು ಉಬ್ಬಿ ತುಂಬಿದ್ದರೆ ಕಾಯಿ ಬಲಿತಿದೆ. ಬೇನಿಷಾ ಮೊದಲು, ಅದರ ಹಿಂದೆ ಕೇಸರ್, ಕೊನೆಗೆ ಜೂನಿನಲ್ಲಿ ಮಲ್ಲಿಕಾ. ಭತ್ತದ ಹುಲ್ಲಿಗೆ ನಮ್ಮೂರಲ್ಲಿ ಬರವಿಲ್ಲ, ಕಾಯಿ ಹಣ್ಣಾಗಲು ಅದರಲ್ಲೇ ಅಡಿ ಹಾಕುತ್ತೇವೆ. ಕಾರ್ಬೈಡ್ ಕಾನೂನಿಗೂ ನಿಷಿದ್ಧ, ನಾಲಿಗೆಗೂ. ಮಲ್ಲಿಕಾ ಹಸಿರಾಗಿಯೇ ಇರುತ್ತದೆ ಅಂತ ಮಕ್ಕಳು ದಿನಾ ಹುಲ್ಲು ಎತ್ತಿ ಒತ್ತಿ ನೋಡುತ್ತಾರೆ, ಒತ್ತಿದ ಜಾಗ ಕೊಳೆಯುತ್ತದೆ. ಅದಕ್ಕೆ ಆ ಬುಟ್ಟಿಯನ್ನು ಈಗ ಅಟ್ಟದ ಮೇಲೆ ಇಡುತ್ತೇನೆ. ಅದು ಹಣ್ಣಾಗುವಷ್ಟರಲ್ಲಿ ಕೆಳಗೆ ಬೇನಿಷಾ, ಕೇಸರ್ ಗಿಡಗಳಿಗೆ ಗರಗಸ ಹಾಕುವ ಕೆಲಸ ಇದ್ದೇ ಇರುತ್ತದೆ.