34ರ ಔಟ್‌ಫೀಲ್ಡರ್‌ನನ್ನು ಅಳೆದು ತೂಗುವುದು ಹೇಗೆ

2011ರ ಜುಲೈನಲ್ಲಿ ಔಟ್‌ಫೀಲ್ಡರ್ (ಮೈದಾನದ ಹೊರಭಾಗ ಕಾಯುವವ) ಕಾರ್ಲೋಸ್ ಬೆಲ್ಟ್ರಾನ್ ನಮ್ಮ ಬೇಸ್‌ಬಾಲ್ ತಂಡ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ಗೆ ಬರ್ತಾನೆ ಅಂತ ಸುದ್ದಿ ಬಂದಾಗ ನಾನು ಸೋಫಾದಿಂದೆದ್ದು ಕುಣಿದಿದ್ದೆ. ಅವನಿಗೆ ಆಗ 34. ಬದಲಿಗೆ ಅವನ ತಂಡ ಮೆಟ್ಸ್‌ಗೆ ಕೊಟ್ಟಿದ್ದು 21ರ ಪಿಚರ್ (ಚೆಂಡು ಎಸೆಯುವವ) ಝ್ಯಾಕ್ ವೀಲರ್‌ನನ್ನು. ಬೆಲ್ಟ್ರಾನ್ ಚೆನ್ನಾಗಿಯೇ ಆಡಿದ, 44 ಪಂದ್ಯಗಳಲ್ಲಿ ಬ್ಯಾಟಿಂಗ್ ಸರಾಸರಿ .323. ಆದರೆ ನಡುವೆ ಕೈ ನೋವಾಗಿ ಕೂತ. ತಂಡ ಪ್ಲೇಆಫ್ ಮುಟ್ಟಲಿಲ್ಲ. ಸೀಸನ್ ಮುಗೀತು, ಅವನು ಕಾರ್ಡಿನಲ್ಸ್‌ಗೆ ಹೋದ. ವೀಲರ್ ಬೇರೆ ಊರುಗಳಲ್ಲಿ ದೊಡ್ಡ ಪಿಚರ್ ಆದ. ಅಂದಿನಿಂದ ಇಂಥ ಟ್ರೇಡ್ ಸುದ್ದಿ ಬಂದರೆ ಕುಣಿಯೋ ಮೊದಲು ಕೂತು ಲೆಕ್ಕ ಹಾಕುತ್ತೇನೆ.

ಮೊದಲು ಕಾಲು ನೋಡಿ. ಬ್ಯಾಟಿಂಗ್ ಸರಾಸರಿ ಆಮೇಲೆ. ಲೀಗ್‌ನ ಅಂಕಿಅಂಶ ವ್ಯವಸ್ಥೆ ಸ್ಟ್ಯಾಟ್‌ಕಾಸ್ಟ್‌ನಲ್ಲಿ ಸ್ಪ್ರಿಂಟ್ ಸ್ಪೀಡ್, ಅಂದರೆ ಓಟದ ವೇಗ, ಸಿಗುತ್ತದೆ. ಲೀಗ್‌ನ ಸರಾಸರಿ ಸೆಕೆಂಡಿಗೆ 27 ಅಡಿ. ಒಂದು ವರ್ಷದ ಅಂಕಿ ಸುಮ್ನೆ ನೋಡಿದರೆ ಏನೂ ತಿಳಿಯಲ್ಲ, ಮೂರು ವರ್ಷದ್ದು ಪಕ್ಕಪಕ್ಕ ಬರೆದುಕೊಳ್ಳಿ. ಇಳಿಜಾರು ಕಂಡರೆ ಎಚ್ಚರ.

ಈ ಅಂಕಿಯಲ್ಲಿ ಸಿಗದ್ದು ಇನ್ನೊಂದಿದೆ, ಮೊದಲ ಹೆಜ್ಜೆ. ಟಿವಿಯಲ್ಲಿ ಇದು ಕಾಣಲ್ಲ, ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದಲ್ವಾ. ಸ್ಟೇಡಿಯಂಗೆ ಹೋಗಿ ಮೂರು ಇನಿಂಗ್ಸ್ ಪೂರ್ತಿ ಅವನೊಬ್ಬನನ್ನೇ ನೋಡಿ. ಬ್ಯಾಟಿಗೆ ಚೆಂಡು ತಾಗಿದ ಕೂಡಲೇ ಹೊರಟನೋ, ಒಂದು ಕ್ಷಣ ನಿಂತು ಹೊರಟನೋ? ಆಮೇಲೆ ಎದುರಾಳಿಯನ್ನೂ ಗಮನಿಸಿ. ಮೊದಲ ಬೇಸ್‌ನಲ್ಲಿ ಓಟಗಾರ ಇದ್ದಾನೆ, ಚೆಂಡು ಇವನ ಕಡೆಗೇ ಬಿತ್ತು. ಓಟಗಾರ ಎರಡನೇ ಬೇಸ್‌ನಲ್ಲಿ ತಲೆ ಕೂಡ ಎತ್ತದೆ ನೇರ ಮೂರನೆಯದಕ್ಕೆ ಹೋದರೆ, ಇವನ ಕಾಲು, ಕೈ ಎರಡರ ಬಗ್ಗೆಯೂ ಅವರಿಗೆ ಆಗಲೇ ಗೊತ್ತಿದೆ ಅಂತ ಅರ್ಥ.

ಮುಂದಿನ ಪ್ರಶ್ನೆ, ಎಲ್ಲಿ ನಿಲ್ಲಿಸುತ್ತೀರಿ? ಬಾಸ್ಟನ್‌ನ ಫೆನ್‌ವೇ ಮೈದಾನದಲ್ಲಿ ಎಡಗಡೆ 37 ಅಡಿ ಎತ್ತರದ ಗೋಡೆ ಹತ್ತಿರದಲ್ಲೇ ಇದೆ, ಓಡಬೇಕಾದ ಜಾಗ ಕಡಿಮೆ. ನಮ್ಮ ಮೈದಾನದಲ್ಲಿ ರೈಟ್-ಸೆಂಟರ್ ಗೋಡೆ ಬ್ಯಾಟರ್‌ನಿಂದ 415 ಅಡಿ ದೂರ. ಅಲ್ಲಿ ವಯಸ್ಸಾದ ಕಾಲು ಬೇಗ ಸಿಕ್ಕಿಬೀಳುತ್ತದೆ. 2022ರಿಂದ ಎರಡೂ ಲೀಗ್‌ನಲ್ಲಿ ಡಿಎಚ್ (ಫೀಲ್ಡಿಂಗ್ ಮಾಡದೆ ಬರೀ ಬ್ಯಾಟ್ ಮಾಡುವವ) ಇದೆ, ನಿಜ. ಆದರೆ ಬರೀ ಬ್ಯಾಟಿಗಾಗಿ ಅವನನ್ನು ಕೊಳ್ಳುತ್ತೀರಾ?

ಕಾಂಟ್ರ್ಯಾಕ್ಟ್ ವಿಷಯ ಬೇಗ ಮುಗಿಯುತ್ತದೆ. ಸೀಸನ್ ಕೊನೆಗೆ ಮುಗಿಯುವುದಾದರೆ ನೀವು ಕೊಳ್ಳುತ್ತಿರುವುದು ಎರಡು ತಿಂಗಳು. ಸೀಸನ್ ಮಧ್ಯೆ ಬಂದವನಿಗೆ ಕ್ವಾಲಿಫೈಯಿಂಗ್ ಆಫರ್ (ಒಂದು ವರ್ಷದ ನಿಗದಿತ ಸಂಬಳದ ಕರಾರು) ಕೊಡುವ ಹಾಗಿಲ್ಲ, ಹಾಗಾಗಿ ಅವನು ಹೋದಾಗ ಡ್ರಾಫ್ಟ್ ಪಿಕ್ಕೂ (ಹೊಸ ಹುಡುಗನನ್ನು ಆರಿಸಿಕೊಳ್ಳುವ ಸರದಿ) ಸಿಗಲ್ಲ. ಹತ್ತು ವರ್ಷ ಆಡಿ, ಕೊನೆಯ ಐದು ಒಂದೇ ತಂಡದಲ್ಲಿದ್ದವನು ಟ್ರೇಡನ್ನೇ ಬೇಡ ಅನ್ನಬಹುದು. ಸಂಬಳದಲ್ಲಿ ಅವನನ್ನು ಕೊಡುವ ತಂಡ ಎಷ್ಟು ಹೊರುತ್ತದೆ ಅಂತಲೂ ಕೇಳಿ. ಜಾಸ್ತಿ ಹೊತ್ತರೆ ಬದಲಿಗೆ ಒಳ್ಳೆಯ ಯುವ ಆಟಗಾರನನ್ನೇ ಕೇಳುತ್ತಾರೆ.

ನಾನು ಆಗ ಮರೆತದ್ದು ಇಷ್ಟು: ನಿಮ್ಮ ಕೊರತೆ ಒಬ್ಬನಿಂದ ನೀಗುತ್ತದಾ? 2011ರ ಮೇ ತಿಂಗಳಲ್ಲೇ ನಮ್ಮ ಕ್ಯಾಚರ್ ಬಸ್ಟರ್ ಪೋಸಿಯ ಕಾಲು ಮುರಿದಿತ್ತು. ಆ ವರ್ಷ ನ್ಯಾಷನಲ್ ಲೀಗ್‌ನಲ್ಲೇ ಅತಿ ಕಡಿಮೆ ರನ್ ನಮ್ಮದು. ಊಟವೇ ಇಲ್ಲದಲ್ಲಿ ಉಪ್ಪಿನಕಾಯಿ ಬಡಿಸಿದ ಹಾಗಾಯಿತು.

ನಮ್ಮವರು ಅಷ್ಟಕ್ಕೇ ನಿಲ್ಲಲಿಲ್ಲ. 2018ರ ಜನವರಿಯಲ್ಲಿ 31ರ ಆಂಡ್ರ್ಯೂ ಮೆಕಚನ್‌ನನ್ನು ತಂದು, ಪೈರೇಟ್ಸ್‌ಗೆ ಬ್ರಯಾನ್ ರೆನಾಲ್ಡ್ಸ್ ಮತ್ತು ಕೈಲ್ ಕ್ರಿಕ್‌ನನ್ನು ಕೊಟ್ಟರು. ಆಗಸ್ಟ್ ಮುಗಿಯುವಷ್ಟರಲ್ಲಿ ಮೆಕಚನ್ ಯಾಂಕೀಸ್‌ನಲ್ಲಿದ್ದ. ರೆನಾಲ್ಡ್ಸ್ 2021ರಲ್ಲಿ ಆಲ್-ಸ್ಟಾರ್ ಆದ, ಅವನೂ ಔಟ್‌ಫೀಲ್ಡರ್ರೇ.